ಒಸಾಕಾದಲ್ಲಿ ಕುಟುಂಬಕ್ಕೆ ಒಂದು ದಿನ: ಕೋಟೆ, ಕಡಲತೀರ, ತೆನ್ನೋಜಿ ಇವುಗಳಲ್ಲಿ ಯಾವುದನ್ನು ಆರಿಸಬೇಕು?

ಜಪಾನ್ ಪ್ರವಾಸದ ದಿನಗಳನ್ನು ಟೋಕಿಯೊ ಮತ್ತು ಕ್ಯೋಟೊ ನಗರಗಳಿಗೆ ಹಂಚಿದ ಮೇಲೆ ಒಸಾಕಾಕ್ಕೆ ಸಾಮಾನ್ಯವಾಗಿ ಉಳಿಯುವುದು ಒಂದೇ ದಿನ. ಆ ಒಂದು ದಿನದಲ್ಲಿ ಕೋಟೆ, ಅಕ್ವೇರಿಯಂ, ದೇವಾಲಯ, ಗೋಪುರ ಎಲ್ಲವನ್ನೂ ಮುಗಿಸಿಬಿಡಬೇಕೆಂದು ಹೊರಟವರು, ಕಾಲುವೆ ದಡದ ತಿಂಡಿ ಬೀದಿಯಾದ ದೋತೊಂಬೊರಿಯ ದೀಪಗಳು ಹೊತ್ತಿಕೊಳ್ಳುವ ವೇಳೆಗೆ ಸೋತು ಸುಣ್ಣವಾಗಿರುತ್ತಾರೆ: ಮಕ್ಕಳು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿರುತ್ತಾರೆ, ಅಜ್ಜ ಅಜ್ಜಿ ಕುಳಿತುಕೊಳ್ಳಲು ಒಂದು ಕಟ್ಟೆಯನ್ನು ಹುಡುಕುತ್ತಿರುತ್ತಾರೆ. ಆದರೆ ಒಸಾಕಾದ ನಿಜವಾದ ಸೊಗಸು ಇರುವುದು ಸಂಜೆಯಲ್ಲಿ, ಅದರಲ್ಲೂ ಊಟ ತಿಂಡಿಯಲ್ಲಿ. ಹೀಗಾಗಿ ಹಗಲಿನ ಆಯ್ಕೆಯನ್ನು ಮಾಡುವಾಗ ಯಾವ ಸ್ಥಳ ಹೆಚ್ಚು ಪ್ರಸಿದ್ಧ ಎಂದು ಕೇಳುವುದಕ್ಕಿಂತ, ಯಾವುದರ ನಂತರ ಮನೆಮಂದಿಯ ಕಾಲಲ್ಲಿ ಇನ್ನೂ ಕಸುವು ಉಳಿದಿರುತ್ತದೆ ಮತ್ತು ನಡು ಮಧ್ಯಾಹ್ನ ಎಲ್ಲಿ ಎಲ್ಲರಿಗೂ ಹೊಟ್ಟೆ ತುಂಬುತ್ತದೆ ಎಂದು ಕೇಳುವುದು ಲೇಸು.

ಇಲ್ಲಿ ಹೋಲಿಸಿರುವುದು ಮೂರು ದಾರಿಗಳನ್ನು. ಮೊದಲನೆಯದು ಒಸಾಕಾ ಕೋಟೆ ಮತ್ತು ಅದರ ಉದ್ಯಾನ, ಎರಡನೆಯದು ಬಂದರಿನ ಬಳಿಯ ಕೈಯೂಕಾನ್ ಅಕ್ವೇರಿಯಂ, ಮೂರನೆಯದು ನಗರದ ದಕ್ಷಿಣಕ್ಕಿರುವ ತೆನ್ನೋಜಿ ಮತ್ತು ಶಿನ್ಸೆಕಾಯ್ ಪ್ರದೇಶ. ಮೂರರ ಸಂಜೆಯೂ ದೋತೊಂಬೊರಿಯಲ್ಲೇ ಮುಗಿಯುತ್ತದೆ. ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಮನರಂಜನಾ ಉದ್ಯಾನವನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ಬೆಳಗಿನಿಂದ ರಾತ್ರಿಯವರೆಗೆ ಇಡೀ ದಿನವನ್ನೇ ನುಂಗುವ ಸ್ಥಳವಾದ್ದರಿಂದ, ಅಲ್ಲಿಗೆ ಹೋಗುವವರು ನಗರವನ್ನು ನೋಡುವ ಆಸೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬೇಕು.

ಕೋಟೆ: ಹೊರಗೆ ಹೆಚ್ಚು, ಒಳಗೆ ಕಡಿಮೆ

ಸೇನಾನಾಯಕ ತೊಯೊತೊಮಿ ಹಿದೆಯೋಶಿ 1583ರಲ್ಲಿ ಕಟ್ಟಿಸಲು ಆರಂಭಿಸಿದ ಕೋಟೆಯು 1615ರ ಮುತ್ತಿಗೆಯಲ್ಲಿ ಬಿತ್ತು. ತೊಕುಗಾವಾ ವಂಶದವರು ಮತ್ತೆ ಕಟ್ಟಿಸಿದ ಗೋಪುರಕ್ಕೆ 1665ರಲ್ಲಿ ಸಿಡಿಲು ಬಡಿಯಿತು. ಇಂದು ಕಾಣುವ ಬಿಳಿ ಮತ್ತು ಹಸಿರು ಬಣ್ಣದ ಗೋಪುರವನ್ನು ನಗರದ ಜನರ ದೇಣಿಗೆಯಿಂದ 1931ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಲಾಯಿತು. ಹಳೆಯ ಮರದ ಕೋಟೆಯ ಒಳಾಂಗಣವನ್ನು ಕಾಣುವ ಆಸೆಯಿಂದ ಒಳಹೊಕ್ಕವರಿಗೆ ಎದುರಾಗುವುದು ಲಿಫ್ಟ್ ಇರುವ ವಸ್ತುಸಂಗ್ರಹಾಲಯ. ಆ ಲಿಫ್ಟ್ ಕೂಡ ಸಾಮಾನ್ಯ ಪ್ರವಾಸಿಗರನ್ನು ಐದನೆಯ ಮಹಡಿಯವರೆಗೆ ಮಾತ್ರ ಒಯ್ಯುತ್ತದೆ. ಅಲ್ಲಿಂದ ಎಂಟನೆಯ ಮಹಡಿಯ ವೀಕ್ಷಣಾ ಜಗಲಿಗೆ ಮೆಟ್ಟಿಲನ್ನೇ ಹತ್ತಬೇಕು. ಮಂಡಿ ನೋವಿರುವ ಹಿರಿಯರು ಜೊತೆಯಲ್ಲಿದ್ದರೆ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇಲ್ಲಿ ನೋಡಲೇಬೇಕಾದದ್ದು ಕಲ್ಲು. ಸಕುರಾಮೊನ್ ಬಾಗಿಲನ್ನು ದಾಟಿದ ಕೂಡಲೇ ಎದುರಿಗೆ ನಿಲ್ಲುವ ‘ತಕೊ ಇಶಿ’ ಎಂಬ ಒಂದೇ ಬಂಡೆಯ ಮುಖ ಸುಮಾರು 60 ಚದರ ಮೀಟರ್ ಇದ್ದು, ಅದರ ತೂಕವನ್ನು ಸುಮಾರು 108 ಟನ್ ಎಂದು ಅಂದಾಜಿಸಲಾಗಿದೆ. ಇಂಥ ಬಂಡೆಗಳನ್ನು ಒಳನಾಡು ಸಮುದ್ರದ ದ್ವೀಪಗಳಿಂದ ದೋಣಿಗಳ ಮೇಲೆ ಸಾಗಿಸಿ ತಂದರು. ಚಿತ್ರದುರ್ಗದ ಕೋಟೆಯನ್ನು ಹತ್ತಿ ಬಂದ ಮಕ್ಕಳಿಗೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆ ಹೊಸದೇನಲ್ಲ. ಆದರೂ ಕಂದಕದ ನೀರಿನಿಂದ ಬಾಗುತ್ತ ಮೇಲೇಳುವ ಈ ಗೋಡೆಗಳ ಮುಂದೆ ಅವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಗೋಪುರಕ್ಕೆ ಟಿಕೆಟ್ ಕೊಳ್ಳದೆಯೂ ಇವೆಲ್ಲವನ್ನೂ ನೋಡಬಹುದು. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಚೆರಿ ಹೂವುಗಳು ಅರಳಿರುವಾಗ ಬಂದವರು ಕೋಟೆಯನ್ನೇ ಆರಿಸಿಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ.

ತೊಂದರೆಯಿರುವುದು ನಡಿಗೆಯಲ್ಲಿ. ತಾನಿಮಾಚಿ ಯೊನ್‌ಚೋಮೆಯಲ್ಲಿ ಇಳಿದರೂ ಮೊರಿನೊಮಿಯಾದಲ್ಲಿ ಇಳಿದರೂ ಗೋಪುರದ ಬುಡ ಸೇರಲು ಕಾಲು ಗಂಟೆಯಾದರೂ ಬೇಕು, ಮಕ್ಕಳ ನಡಿಗೆಯಲ್ಲಿ ಇನ್ನೂ ಹೆಚ್ಚು. ದಾರಿ ಬಹುಪಾಲು ಬಯಲು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತಾಪಮಾನ 35 ಡಿಗ್ರಿ ಮುಟ್ಟಿ, ಮಂಗಳೂರಿನ ಮೇ ತಿಂಗಳಂತೆ ಬೆವರು ಇಳಿಯುವಾಗ ಈ ದಾರಿಯನ್ನು ನಾನು ಯಾರಿಗೂ ಹೇಳಲಾರೆ. ಮಧ್ಯಾಹ್ನದ ಊಟಕ್ಕೆ ಉದ್ಯಾನದ ಒಳಗೂ ಜೆಆರ್ (ಜಪಾನ್ ರೈಲ್ವೇಸ್) ನಿಲ್ದಾಣದ ಬದಿಯಲ್ಲೂ ಒಂದಿಷ್ಟು ಉಪಾಹಾರ ಮಂದಿರಗಳಿವೆ, ಆದರೆ ಆಯ್ಕೆ ಕಡಿಮೆ. ಬುತ್ತಿ ಕಟ್ಟಿಕೊಂಡು ಹೋಗಿ ಮರದಡಿ ಚಾಪೆ ಹಾಸಿ ಕೂರುವುದಾದರೆ ಮಾತ್ರ ಈ ಕೊರತೆ ಕಾಡುವುದಿಲ್ಲ.

ಕಡಲತೀರ: ಮಳೆಗೂ ಬಿಸಿಲಿಗೂ ಒಂದೇ ಉತ್ತರ

1990ರಲ್ಲಿ ತೆರೆದ ಕೈಯೂಕಾನ್‌ನ ಜಾಣ್ಮೆ ಅದರ ಇಳಿಜಾರಿನಲ್ಲಿದೆ. ಎಸ್ಕಲೇಟರ್‌ನಲ್ಲಿ ಮೊದಲು ಎಂಟನೆಯ ಮಹಡಿಗೆ ಒಯ್ದು, ಅಲ್ಲಿಂದ ನಡುವಿನ ಬೃಹತ್ ತೊಟ್ಟಿಯ ಸುತ್ತ ನಿಧಾನವಾಗಿ ಕೆಳಗಿಳಿಸುತ್ತಾರೆ. ಒಂಬತ್ತು ಮೀಟರ್ ಆಳದ, 5,400 ಟನ್ ನೀರಿನ ಆ ತೊಟ್ಟಿಯಲ್ಲಿ ತಿಮಿಂಗಿಲ ಶಾರ್ಕ್ ಈಜುತ್ತದೆ. ಒಂದೇ ಶಾರ್ಕನ್ನು ಮೇಲಿನಿಂದ, ಪಕ್ಕದಿಂದ, ಕೊನೆಗೆ ಹೊಟ್ಟೆಯ ಕೆಳಗಿನಿಂದ ಮತ್ತೆ ಮತ್ತೆ ಕಾಣುವುದರಿಂದ ಮೂರು ವರ್ಷದ ಮಗುವಿಗೂ ಬೇಸರವಾಗುವುದಿಲ್ಲ. ಮಗುವಿನ ತಳ್ಳುಗಾಡಿಗೂ ಗಾಲಿಕುರ್ಚಿಗೂ ದಾರಿ ಸಲೀಸು. ಜೂನ್‌ನಿಂದ ಜುಲೈ ಮಧ್ಯದವರೆಗಿನ ಮಳೆಗಾಲದಲ್ಲಿ ಬಂದವರು ಹೆಚ್ಚು ಯೋಚಿಸದೆ ಇದನ್ನೇ ಹಿಡಿಯಬಹುದು.

ಟಿಕೆಟ್ ದರ ದಿನದಿಂದ ದಿನಕ್ಕೆ ಬದಲಾಗುತ್ತದೆ, ರಜೆಯ ದಿನಗಳಲ್ಲಿ ಏರುತ್ತದೆ. ಮೂರು ದಾರಿಗಳಲ್ಲಿ ಇದೇ ದುಬಾರಿ. ಹೊತ್ತು ನಮೂದಿಸಿದ ಟಿಕೆಟ್ಟನ್ನು ಮೊದಲೇ ಆನ್‌ಲೈನಿನಲ್ಲಿ ಕೊಳ್ಳದಿದ್ದರೆ ಶನಿವಾರ, ಭಾನುವಾರಗಳಲ್ಲಿ ಬೆಳಗಿನ ಅರ್ಧ ಭಾಗ ಸಾಲಿನಲ್ಲೇ ಕಳೆದುಹೋದೀತು. ಹೊರಬಂದ ಮೇಲೆ ಪಕ್ಕದಲ್ಲೇ 112.5 ಮೀಟರ್ ಎತ್ತರದ ತೆಂಪೊಜಾನ್ ಜಯಂಟ್ ವೀಲ್ ಇದೆ. ಅದರ ಹತ್ತಿರವೇ ಸಮುದ್ರಮಟ್ಟದಿಂದ 4.53 ಮೀಟರ್ ಎತ್ತರದ ತೆಂಪೊಜಾನ್ ‘ಬೆಟ್ಟ’ವೂ ಇದೆ, ಬೆಟ್ಟ ಹತ್ತಿದೆವೆಂದು ಊರಿಗೆ ಬಂದು ಹೇಳಿಕೊಳ್ಳುವ ಹುಮ್ಮಸ್ಸು ಮಕ್ಕಳಿಗಿದ್ದರೆ ಐದು ನಿಮಿಷ ಸಾಕು. ಅಕ್ವೇರಿಯಂ ಪಕ್ಕದ ಮಾರುಕಟ್ಟೆ ಕಟ್ಟಡದಲ್ಲಿ ಊಟದ ಅಂಗಡಿಗಳು ಒಂದೇ ಸೂರಿನಡಿ ಇವೆ. ಆದರೆ ಒಸಾಕಾ ಎಂಬ ನಗರ ಹೇಗಿದೆ ಎಂಬುದು ಇಲ್ಲಿ ಗೊತ್ತಾಗುವುದಿಲ್ಲ. ಇಂಥ ಬಂದರು ಪ್ರದೇಶ ಯಾವ ದೇಶದಲ್ಲಾದರೂ ಇರಬಹುದಿತ್ತು ಎಂಬ ಭಾವನೆ ದೊಡ್ಡವರಲ್ಲಿ ಉಳಿಯುತ್ತದೆ.

ತೆನ್ನೋಜಿ: ನನ್ನ ಆಯ್ಕೆ

ಮೂರು ತಲೆಮಾರಿನ ಕುಟುಂಬಕ್ಕೆ, ಅದೂ ಮೊದಲ ಸಲ ಬಂದವರಿಗೆ, ನಾನು ಸೂಚಿಸುವುದು ತೆನ್ನೋಜಿಯನ್ನು. ಪ್ರವಾಸಿ ಪಟ್ಟಿಗಳಲ್ಲಿ ಇದಕ್ಕೆ ಕೋಟೆಯ ಕೆಳಗಿನ ಸ್ಥಾನವೇ ಸಿಗುವುದು, ಆದರೆ ಇಲ್ಲಿ ಎಲ್ಲವೂ ಹತ್ತಿರ ಹತ್ತಿರ ಇವೆ, ಬೇಡವೆನಿಸಿದ್ದನ್ನು ಕೈಬಿಟ್ಟು ಮುಂದಿನದಕ್ಕೆ ಹೋಗಲು ಮತ್ತೆ ರೈಲು ಹತ್ತಬೇಕಾಗಿಲ್ಲ.

ಬೆಳಿಗ್ಗೆ ಶಿತೆನ್ನೋಜಿಯಿಂದ ಆರಂಭಿಸುವುದು ಒಳ್ಳೆಯದು. ರಾಜಕುಮಾರ ಶೋತೊಕು 593ರಲ್ಲಿ ಸ್ಥಾಪಿಸಿದನೆಂದು ಹೇಳಲಾಗುವ ಈ ಬೌದ್ಧ ದೇವಾಲಯ ಹಲವು ಸಲ ಸುಟ್ಟು, ಯುದ್ಧಕಾಲದ ಬಾಂಬ್ ದಾಳಿಯಲ್ಲೂ ನಾಶವಾಗಿ, ಮತ್ತೆ ಕಟ್ಟಲ್ಪಟ್ಟಿದೆ. ಹಾಗಾಗಿ ಕಟ್ಟಡಗಳು ಹಳೆಯವಲ್ಲ. ಹೆಬ್ಬಾಗಿಲು, ಐದಂತಸ್ತಿನ ಪಗೋಡ, ಮುಖ್ಯ ಮಂಟಪ, ಉಪನ್ಯಾಸ ಮಂಟಪ ಇವೆಲ್ಲ ಒಂದೇ ನೇರ ಸಾಲಿನಲ್ಲಿ ನಿಂತಿರುವ ವಿನ್ಯಾಸ ಮಾತ್ರ ಪ್ರಾಚೀನ. ದೇವಾಲಯದ ಹೆಸರಿನಲ್ಲಿರುವ ನಾಲ್ವರು ದಿಕ್ಪಾಲಕ ರಾಜರು ನಮಗೆ ಅಪರಿಚಿತರಲ್ಲ: ಉತ್ತರ ದಿಕ್ಕನ್ನು ಕಾಯುವ ತಾಮೊನ್‌ತೆನ್ ನಮ್ಮ ವೈಶ್ರವಣ, ಎಂದರೆ ಕುಬೇರ. ನಮ್ಮ ದೇವಾಲಯಗಳ ನವರಂಗದ ಛಾವಣಿಯಲ್ಲಿ ಅಷ್ಟದಿಕ್ಪಾಲಕರ ಕೆತ್ತನೆಯನ್ನು ತಲೆಯೆತ್ತಿ ನೋಡಿದ ಹಿರಿಯರು ಇದನ್ನು ಕೇಳಿದರೆ ಅಲ್ಲಿಯೇ ಇನ್ನಷ್ಟು ಹೊತ್ತು ನಿಲ್ಲುತ್ತಾರೆ. ಮಕ್ಕಳಿಗೆ ಕೊಳವೇ ಸಾಕು. ಬಿಸಿಲು ಬಿದ್ದ ದಿನ ಆಮೆಗಳು ಒಂದರ ಬೆನ್ನ ಮೇಲೊಂದು ಹತ್ತಿ, ಕತ್ತನ್ನು ನೀಳವಾಗಿ ಚಾಚಿ, ಹಿಂಗಾಲನ್ನು ಗಾಳಿಯಲ್ಲಿ ಹರಡಿ ಕುಳಿತಿರುತ್ತವೆ; ಮೇಲಿನದು ಜಾರಿ ಬಿದ್ದಾಗ ಬರುವ ‘ಬುಳಕ್’ ಸದ್ದಿಗೆ ಮಕ್ಕಳು ಮತ್ತೊಮ್ಮೆ ಕಾಯುತ್ತಾರೆ. ಪ್ರತಿ ತಿಂಗಳ 21 ಮತ್ತು 22ರಂದು ಆವರಣದಲ್ಲಿ ಹಳೆಯ ಸಾಮಾನುಗಳ ಸಂತೆ ನೆರೆಯುತ್ತದೆ. ದಿನ ಹೊಂದಿಸಿಕೊಳ್ಳಲು ಸಾಧ್ಯವಿದ್ದರೆ ಅಂದೇ ಹೋಗಬೇಕು.

ಅಲ್ಲಿಂದ ಮುಂದೆ ಆಯ್ಕೆಗಳು ಕವಲೊಡೆಯುತ್ತವೆ. 1915ರಲ್ಲಿ ಆರಂಭವಾದ ತೆನ್ನೋಜಿ ಮೃಗಾಲಯ ಅಗ್ಗ, ನೆರಳೂ ಇದೆ, ಆದರೆ ಸೋಮವಾರ ರಜೆ. 1970ರ ವಿಶ್ವ ಮೇಳದ ನೆನಪಿಗೆ ಭಾರತದಿಂದ ಬಂದ ರಾಣಿ ಹಿರೋಕೊ ಎಂಬ ಆನೆ ಇಲ್ಲಿ 2018ರವರೆಗೆ ಬದುಕಿತ್ತು. ಮೈಸೂರಿನ ಮೃಗಾಲಯವನ್ನು ಕಂಡ ಮಕ್ಕಳಿಗೆ ಇಲ್ಲಿನ ಪ್ರಾಣಿಗಳಲ್ಲಿ ವಿಶೇಷವಾದದ್ದು ಹೆಚ್ಚಿಲ್ಲವೆಂಬುದು ನನ್ನ ಅನಿಸಿಕೆ. ಹೊತ್ತು ಕಡಿಮೆಯಿದ್ದರೆ ಬಿಡಬಹುದಾದದ್ದು ಇದೇ. ಬಿಡಬಾರದ್ದು 300 ಮೀಟರ್ ಎತ್ತರದ ಅಬೆನೊ ಹಾರುಕಾಸ್. 2014ರಲ್ಲಿ ತೆರೆದ ಈ ಕಟ್ಟಡದ ಅರುವತ್ತನೆಯ ಮಹಡಿಯ ವೀಕ್ಷಣಾಲಯಕ್ಕೆ ಟಿಕೆಟ್ ಬೇಕು, ಹದಿನಾರನೆಯ ಮಹಡಿಯ ತೋಟಕ್ಕೆ ಬೇಡ. ಎತ್ತರದ ನೋಟವೂ ಕೂರಲು ಜಾಗವೂ ಪುಕ್ಕಟೆಯಾಗಿ ಸಿಗುವ ಇಂಥ ತಾಣ ದೊಡ್ಡ ನಗರಗಳಲ್ಲಿ ಅಪರೂಪ. ಅದೇ ಕಟ್ಟಡದ ಡಿಪಾರ್ಟ್‌ಮೆಂಟ್ ಸ್ಟೋರಿನ ನೆಲಮಾಳಿಗೆಯಲ್ಲಿ ತಿನಿಸುಗಳ ದೊಡ್ಡ ಮಾರುಕಟ್ಟೆಯಿದೆ, ಮೇಲಿನ ಮಹಡಿಗಳಲ್ಲಿ ಸಾಲು ಸಾಲು ಹೋಟೆಲುಗಳಿವೆ, ಶುಚಿಯಾದ ಶೌಚಾಲಯಗಳೂ ಮಗುವಿನ ಬಟ್ಟೆ ಬದಲಿಸುವ ಕೋಣೆಗಳೂ ಇವೆ. ಮಧ್ಯಾಹ್ನದ ಎರಡು ಗಂಟೆಗಳನ್ನು ಇಲ್ಲಿ ಕಳೆದ ಕುಟುಂಬಕ್ಕೆ ಸಂಜೆಯ ದಣಿವು ಅಷ್ಟಾಗಿ ತಟ್ಟುವುದಿಲ್ಲ.

ಮೂರು ಗಂಟೆಯ ಹೊತ್ತಿಗೆ ಉದ್ಯಾನದ ಮೂಲಕ ಶಿನ್ಸೆಕಾಯ್‌ಗೆ ನಡೆದು ಹೋಗಬಹುದು. ಅಲ್ಲಿನ ತ್ಸೂತೆನ್‌ಕಾಕು ಗೋಪುರ ಮೊದಲು ಎದ್ದದ್ದು 1912ರಲ್ಲಿ; ಈಗಿರುವುದು 1956ರದು, 108 ಮೀಟರ್ ಎತ್ತರ. ಒಳಗಿರುವ ಬಿಲ್ಲಿಕೆನ್ ಎಂಬ ಬೊಂಬೆಯ ಅಂಗಾಲನ್ನು ಉಜ್ಜಿದರೆ ಅದೃಷ್ಟ ಎಂದು ನಂಬಿಕೆ. ಗೋಪುರದ ತುದಿಯ ದೀಪ ಮರುದಿನದ ಹವಾಮಾನವನ್ನು ಹೇಳುತ್ತದೆ: ಬಿಳಿಯಾದರೆ ಬಿಸಿಲು, ಕಿತ್ತಳೆಯಾದರೆ ಮೋಡ, ನೀಲಿಯಾದರೆ ಮಳೆ. ಬೀದಿಗಳು ಗದ್ದಲದವು, ಫಲಕಗಳು ಢಾಳು, ಕೆಲವು ಮೂಲೆಗಳಲ್ಲಿ ಹಗಲಲ್ಲೇ ಕುಡಿಯುತ್ತ ಕುಳಿತವರು ಕಾಣುತ್ತಾರೆ. ಅಷ್ಟಕ್ಕೇ ಮುಜುಗರಪಡುವವರು ಹಾರುಕಾಸ್‌ನಿಂದ ನೇರವಾಗಿ ದೋತೊಂಬೊರಿಗೆ ಹೋಗಬಹುದು.

ಊಟದ ಲೆಕ್ಕ

ಮಾಂಸ, ಮೀನು ತಿನ್ನುವ ಕುಟುಂಬಕ್ಕೆ ಒಸಾಕಾದಲ್ಲಿ ಚಿಂತೆಯೇ ಇಲ್ಲ. ದೋತೊಂಬೊರಿಯಲ್ಲಿ ತಕೊಯಾಕಿ, ಶಿನ್ಸೆಕಾಯ್‌ನಲ್ಲಿ ಕಡ್ಡಿಗೆ ಚುಚ್ಚಿ ಕರಿದ ಕುಶಿಕಾತ್ಸು, ಎಲ್ಲಿ ಬೇಕಾದರೂ ಎಲೆಕೋಸು ಬೆರೆಸಿದ ದಪ್ಪ ದೋಸೆಯಂಥ ಒಕೊನೊಮಿಯಾಕಿ. ತಕೊಯಾಕಿ ಮಾಡುವುದನ್ನು ನೋಡುವುದೇ ಒಂದು ಸಂತೋಷ: ಗುಳಿಗಳಿರುವ ಕಬ್ಬಿಣದ ಕಾವಲಿಗೆ ನೀರಾದ ಹಿಟ್ಟನ್ನು ಗುಳಿ ತುಂಬಿ ಹೊರಗೂ ಹರಿಯುವಂತೆ ಸುರಿದು, ಆಕ್ಟೋಪಸ್ ತುಂಡುಗಳನ್ನು ಹಾಕಿ, ಅಂಚು ಗಟ್ಟಿಯಾಗುತ್ತಿದ್ದಂತೆ ಎರಡು ಚೂಪು ಕಡ್ಡಿಗಳಿಂದ ಹೊರಚೆಲ್ಲಿದ್ದನ್ನೂ ಒಳಗೆ ಮಡಚಿ ತಿರುಗಿಸುತ್ತಾರೆ. ನಮ್ಮ ಪಡ್ಡಿನ ಕಾವಲಿಯನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಿಲ್ಲ, ಆದರೆ ಪಡ್ಡು ತಿಂದಂತೆ ಇದನ್ನು ಒಂದೇ ಬಾಯಿಗೆ ಹಾಕಿಕೊಳ್ಳಬಾರದು. ಹೊರಗೆ ಗರಿಯಾಗಿದ್ದರೂ ಒಳಗಿನ ಹಿಟ್ಟು ಕುದಿಯುವಷ್ಟು ಬಿಸಿಯಿದ್ದು ನಾಲಗೆ ಸುಟ್ಟುಹೋಗುತ್ತದೆ. ಮಕ್ಕಳಿಗೆ ಕಡ್ಡಿಯಿಂದ ಸೀಳಿ ಆರಿಸಿಯೇ ಕೊಡಬೇಕು.

ಸಸ್ಯಾಹಾರಿಗಳ ಮಾತು ಬೇರೆ, ಮತ್ತು ಕನ್ನಡದ ಬಹಳಷ್ಟು ಮನೆಗಳಲ್ಲಿ ದಿನದ ಯೋಜನೆ ನಿಂತಿರುವುದೇ ಇದರ ಮೇಲೆ. ಇಲ್ಲಿ ತೊಂದರೆ ಕೊಡುವುದು ಕಣ್ಣಿಗೆ ಕಾಣುವ ಮಾಂಸವಲ್ಲ, ದಾಶಿ ಎಂಬ ತಿಳಿಸಾರು. ಒಣಗಿಸಿ ಹೊಗೆಗಿಟ್ಟ ಕತ್ಸುಒ ಮೀನಿನ ಹೆರಚಲು ಮತ್ತು ಕೊಂಬು ಎಂಬ ಕಡಲಪಾಚಿಯಿಂದ ತೆಗೆದ ಈ ಸಾರು ತಕೊಯಾಕಿಯ ಹಿಟ್ಟಿನಲ್ಲಿಯೂ ಒಕೊನೊಮಿಯಾಕಿಯ ಹಿಟ್ಟಿನಲ್ಲಿಯೂ ತರಕಾರಿ ಪಲ್ಯದಂತೆ ಕಾಣುವುದರಲ್ಲಿಯೂ ಇರುತ್ತದೆ. ಒಸಾಕಾದ ಹೆಮ್ಮೆಯ ಕಿತ್ಸುನೆ ಉದೊನ್ ಬಟ್ಟಲಲ್ಲಿ ಕಾಣುವುದು ಗೋಧಿ ಶಾವಿಗೆ ಮತ್ತು ಕರಿದ ತೋಫು ಮಾತ್ರ, ಆದರೆ ಸಾರೂ ತೋಫುವೂ ದಾಶಿಯಲ್ಲಿ ಮಿಂದಿರುತ್ತವೆ. ಅಂಗಡಿಯ ಗಾಜಿನಲ್ಲಿಟ್ಟ ಪ್ಲಾಸ್ಟಿಕ್ ಮಾದರಿಯನ್ನು ನೋಡಿ ಆರಿಸಿಕೊಂಡವರು ಮೋಸಹೋಗುವುದು ಇಲ್ಲಿಯೇ. ಪೊಟ್ಟಣದ ಮೇಲಿನ ಅಲರ್ಜಿ ಪಟ್ಟಿಯನ್ನು ನಂಬುವುದೂ ಸಾಲದು: ಮೊಟ್ಟೆ, ಹಾಲು, ಗೋಧಿ, ಸಿಗಡಿ, ಏಡಿ ಮುಂತಾದವುಗಳನ್ನು ನಮೂದಿಸುವುದು ಕಡ್ಡಾಯ, ಕತ್ಸುಒ ಮೀನು ಆ ಪಟ್ಟಿಗೆ ಸೇರಿಲ್ಲ. ಪದಾರ್ಥಗಳ ಪೂರ್ಣ ಪಟ್ಟಿಯನ್ನೇ ಫೋನಿನ ಕ್ಯಾಮೆರಾದಿಂದ ಅನುವಾದಿಸಿ ಓದಬೇಕು. ಹೋಟೆಲಿನಲ್ಲಿ ಬಾಯಿಮಾತಿಗಿಂತ, ಮಾಂಸ, ಮೀನು, ಮೀನಿನ ದಾಶಿ ಯಾವುದೂ ಬೇಡವೆಂದು ಜಪಾನೀ ಲಿಪಿಯಲ್ಲಿ ಮೊದಲೇ ಬರೆಸಿಟ್ಟ ಚೀಟಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಈ ಅಳತೆಗೋಲಿನಲ್ಲಿ ಮೂರೂ ದಾರಿಗಳನ್ನು ಅಳೆದರೆ ತೆನ್ನೋಜಿಯ ನೆಲಮಾಳಿಗೆ ಮಾರುಕಟ್ಟೆಯೇ ಮುಂದೆ. ಹಣ್ಣು, ಬ್ರೆಡ್ಡು, ಸಲಾಡು, ಬೇಯಿಸಿದ ಹಸಿ ಸೋಯಾ ಕಾಯಿ, ಸೌತೆಕಾಯಿಯನ್ನು ಅನ್ನ ಮತ್ತು ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಕಪ್ಪಾಮಾಕಿ, ಕೆಂಪು ಅಲಸಂದೆಯಂಥ ಅಜುಕಿ ಕಾಳಿನ ಸಿಹಿ ಹೂರಣ ತುಂಬಿದ ದೈಫುಕು, ಹೀಗೆ ಬಿಡಿಬಿಡಿಯಾಗಿ ಕೊಂಡು ಒಂದು ಊಟವನ್ನು ಜೋಡಿಸಿಕೊಳ್ಳಬಹುದು. ಸಿಹಿಗಳಲ್ಲಿ ಜೆಲಟಿನ್ ಇದೆಯೇ ಎಂದು ನೋಡಿಕೊಂಡರಾಯಿತು. ಶಿನ್ಸೆಕಾಯ್‌ನ ಕುಶಿಕಾತ್ಸು ಅಂಗಡಿಗಳಲ್ಲಿ ಕಮಲದ ದಂಟು, ಈರುಳ್ಳಿ, ಕುಂಬಳ, ಅಣಬೆಗಳನ್ನು ಕರಿದು ಕೊಡುತ್ತಾರಾದರೂ ಎಣ್ಣೆ ಮಾಂಸ ಕರಿದದ್ದೇ, ಹೊರಕವಚದಲ್ಲಿ ಮೊಟ್ಟೆಯೂ ಇರುವುದುಂಟು. ಅದನ್ನು ಸಹಿಸುವವರು ಸಹಿಸಬಹುದು, ಮಡಿವಂತರಿಗೆ ಆಗದು. ಕೊಕೊ ಇಚಿಬಾನ್ಯಾ ಎಂಬ, ಅನ್ನ ಮತ್ತು ‘ಕರಿ’ (ಮಸಾಲೆ ಗೊಜ್ಜು) ಬಡಿಸುವ ಹೋಟೆಲುಗಳಲ್ಲಿ ಕೆಲವು ಕಡೆ ಪ್ರಾಣಿಜನ್ಯ ಪದಾರ್ಥಗಳಿಲ್ಲದ ಕರಿ ಸಿಗುತ್ತದೆ. ಭಾರತೀಯರೂ ನೇಪಾಳಿಗಳೂ ನಡೆಸುವ ಹೋಟೆಲುಗಳು ದೋತೊಂಬೊರಿ ಪಕ್ಕದ ನಂಬಾ ಸುತ್ತಮುತ್ತ ಇವೆ. ಅಜ್ಜಿಯ ಕೈಚೀಲದಲ್ಲಿ ಚಟ್ನಿಪುಡಿಯೂ ಹುರಿದ ಅವಲಕ್ಕಿಯೂ ಇದ್ದರೆ, ಅಂಗಡಿಯಲ್ಲಿ ಸಿಗುವ ಬಿಸಿಮಾಡಿದ ಬಿಳಿ ಅನ್ನದ ಡಬ್ಬಿಗೆ ಅದಕ್ಕಿಂತ ಒಳ್ಳೆಯ ಜೊತೆ ಬೇರೆ ಇಲ್ಲ.

ಊಟದ ಹೊತ್ತಿನ ಬಗ್ಗೆ ಒಂದು ಮಾತು. ಹನ್ನೊಂದೂವರೆಯಿಂದ ಎರಡು ಗಂಟೆಯವರೆಗೆ ಮಾತ್ರ ಮಧ್ಯಾಹ್ನದ ಊಟ ಕೊಟ್ಟು ಐದರವರೆಗೆ ಬಾಗಿಲು ಹಾಕುವ ಹೋಟೆಲುಗಳು ಬಹಳ. ಎರಡೂವರೆಗೆ ನಿಧಾನವಾಗಿ ಊಟಕ್ಕೆ ಏಳುವ ನಮ್ಮ ಅಭ್ಯಾಸವನ್ನು ಅಂದಿಗೆ ಬಿಡಬೇಕಾಗುತ್ತದೆ.

ದೋತೊಂಬೊರಿಯ ಸಂಜೆ

1615ರಲ್ಲಿ ತೋಡಿ ಮುಗಿಸಿದ ಕಾಲುವೆಯ ದಡದಲ್ಲಿ ಹಬ್ಬಿರುವ ಈ ಬೀದಿಗೆ ಐದೂವರೆಯ ಹೊತ್ತಿಗೆ ತಲುಪಿದರೆ ಬೆಳಕಿನಲ್ಲಿ ಒಮ್ಮೆ, ದೀಪ ಹೊತ್ತಿದ ಮೇಲೆ ಒಮ್ಮೆ ನೋಡಬಹುದು. ಎರಡೂ ಕೈ ಎತ್ತಿ ಓಡುವ, ಗ್ಲಿಕೊ ಎಂಬ ಸಿಹಿತಿಂಡಿ ಕಂಪನಿಯ ಓಟಗಾರನ ಫಲಕ 1935ರಿಂದ ಇಲ್ಲಿದೆ. ಈಗಿನದು 2014ರಲ್ಲಿ ಬಂದ ಆರನೆಯದು. ಎಬಿಸುಬಾಶಿ ಸೇತುವೆಯ ಮೇಲೆ ನೂಕುನುಗ್ಗಲಿರುತ್ತದೆ, ತಳ್ಳುಗಾಡಿ ಸಾಗುವುದಿಲ್ಲ; ಕೆಳಗಿನ ಕಾಲುವೆ ದಡದ ಹಾದಿಯಲ್ಲಿ ನಿಂತರೆ ಫಲಕವೂ ಕಾಣುತ್ತದೆ, ಮಗುವೂ ಕೈತಪ್ಪುವುದಿಲ್ಲ. ಗದ್ದಲ ಸಾಕೆನಿಸಿದ ಹಿರಿಯರನ್ನು ಒಂದು ಬೀದಿ ಹಿಂದಿರುವ ಹೋಜೆಂಜಿ ದೇವಾಲಯಕ್ಕೆ ಕರೆದೊಯ್ಯಬೇಕು. ಅಲ್ಲಿ ಭಕ್ತರು ಸೌಟಿನಿಂದ ನೀರು ಸುರಿದು ಸುರಿದು ಮೂರ್ತಿಯ ಕಣ್ಣು ಮೂಗು ಕಾಣದಷ್ಟು ದಟ್ಟವಾಗಿ ಪಾಚಿ ಬೆಳೆದಿದೆ. ಆ ಫುದೋ ದೇವರು ಸಂಸ್ಕೃತದ ಅಚಲನಾಥ. ಅಭಿಷೇಕ ಮಾಡಲು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೀದಿಯಲ್ಲಿ ಕಸದ ಡಬ್ಬಿಗಳು ಅಪರೂಪವಾದ್ದರಿಂದ ಕೈಯಲ್ಲೊಂದು ಚೀಲ ಬೇಕು. ಕೊಂಡ ತಿಂಡಿಯನ್ನು ಅಂಗಡಿಯ ಮುಂದೆಯೇ ನಿಂತು ತಿಂದು ಮುಗಿಸಿದರೆ ದೋಣಿಯಾಕಾರದ ಕಾಗದದ ತಟ್ಟೆಯನ್ನು ಅವರೇ ಹಿಂದಕ್ಕೆ ಪಡೆಯುತ್ತಾರೆ.

ದಿನ, ದುಡ್ಡು, ದಾರಿ

ಏಪ್ರಿಲ್ ಮತ್ತು ಮೇ ನಮ್ಮ ಶಾಲೆಗಳ ಬೇಸಿಗೆ ರಜೆ, ಆದರೆ ಏಪ್ರಿಲ್ 29ರಿಂದ ಮೇ 5ರವರೆಗೆ ಇಡೀ ಜಪಾನೇ ರಜೆಯಲ್ಲಿ ಊರು ಸುತ್ತುತ್ತಿರುತ್ತದೆ. ಆ ವಾರದಲ್ಲಿ ಅಕ್ವೇರಿಯಂ ಬೇಡ. ದಸರಾ ರಜೆಗೆ ಬರುವವರಿಗೆ ಹವೆ ಹಿತವಾಗಿರುತ್ತದೆ, ಚಂಡಮಾರುತದ ಮುನ್ಸೂಚನೆಯನ್ನು ಮಾತ್ರ ಗಮನಿಸುತ್ತಿರಬೇಕು. ಮೆಟ್ರೊದ ಒಂದು ದಿನದ ಕಾರ್ಡ್ ವಾರದ ದಿನಗಳಲ್ಲಿ 820 ಯೆನ್, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ 620 ಯೆನ್. ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 310 ಯೆನ್. ಬಂದರಿಗೆ ಹೋಗಿ ಬರುವವರಿಗೆ ಇದು ಲಾಭ, ತೆನ್ನೋಜಿಯಲ್ಲೇ ದಿನ ಕಳೆಯುವವರಿಗೆ ಬಿಡಿ ಟಿಕೆಟ್ಟೇ ಅಗ್ಗವಾದೀತು. ಸಣ್ಣ ಅಂಗಡಿಗಳಿಗೆ ನಗದು ಇಟ್ಟುಕೊಂಡಿರಬೇಕು, ಟಿಪ್ಸ್ ಕೊಡುವ ರೂಢಿ ಇಲ್ಲ.

ಕೋಟೆಯಿಂದಾಗಲಿ ಅಕ್ವೇರಿಯಂನಿಂದಾಗಲಿ ದೋತೊಂಬೊರಿಗೆ ಬರಲು ಚೂಒ ಮಾರ್ಗದ ರೈಲಿನಲ್ಲಿ ಹೊಮ್ಮಾಚಿಗೆ ಬಂದು, ಅಲ್ಲಿ ಮಿದೋಸುಜಿ ಮಾರ್ಗಕ್ಕೆ ಬದಲಿಸಿ ನಂಬಾದಲ್ಲಿ ಇಳಿಯಬೇಕು. ತೆನ್ನೋಜಿಯಿಂದ ಮಿದೋಸುಜಿ ಮಾರ್ಗವೇ ನೇರವಾಗಿ ಹತ್ತು ನಿಮಿಷದೊಳಗೆ ನಂಬಾಕ್ಕೆ ತರುತ್ತದೆ. ಮನೆಮಂದಿ ಎರಡು ಗುಂಪಾಗಿ, ಹಿರಿಯರು ಹಾರುಕಾಸ್‌ನ ತೋಟದಲ್ಲಿ ಕುಳಿತು ಮಿಕ್ಕವರು ಶಿನ್ಸೆಕಾಯ್ ಸುತ್ತಿ ಬರುವುದಾದರೆ, ಮತ್ತೆ ಸೇರುವ ಜಾಗವನ್ನು ‘ನಂಬಾ ನಿಲ್ದಾಣ’ ಎಂದಷ್ಟೇ ಹೇಳಿ ಬಿಡಬಾರದು. ಆ ಹೆಸರಿನ ನಿಲ್ದಾಣಗಳು ಹಲವು ರೈಲು ಕಂಪನಿಗಳಿಗೆ ಸೇರಿ ನೆಲದಡಿಯಲ್ಲಿ ಹರಡಿಕೊಂಡಿವೆ. ಮೆಟ್ರೊ ನಂಬಾದ 14ನೆಯ ನಿರ್ಗಮನ ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಅಲ್ಲಿಂದ ದೋತೊಂಬೊರಿ ಬೀದಿ ನಾಲ್ಕು ಹೆಜ್ಜೆ.